ಪಾಪುನ ನೋಡಿಕೊಳ್ಳೋದಷ್ಟೇ ಕೆಲಸ

ಆ ಮನೆಗೆ ಸೇರಿದಾಗ ನಮ್ಮ ನಡುವೆ ಆಗಿದ್ದ ಮಾತು ಒಂದೇ: ಪಾಪುನ ನೋಡಿಕೊಳ್ಳಬೇಕು, ಅಷ್ಟೇ. ಮೇಡಂ ನನ್ನನ್ನು ಸೋಫಾದ ಮೇಲೇ ಕೂರಿಸಿ, ಕಾಫಿ ಕೊಟ್ಟು ಹೇಳಿದ್ದರು. "ಊಟ ಮಾಡಿಸೋದು, ಸ್ನಾನ, ಮಲಗಿಸೋದು, ಸಂಜೆ ಕೆಳಗೆ ಆಟ ಆಡಿಸೋದು. ಪಾಪು ಬಟ್ಟೆ ಮಾತ್ರ ಒಗೀರಿ. ಮಿಕ್ಕಿದ್ದಕ್ಕೆಲ್ಲ ಬೇರೆಯವರು ಬರ್ತಾರೆ ಆಂಟಿ." ಸಂಬಳ ಅವರೇ ಹೇಳಿದರು. ನಾನು ತಲೆಯಾಡಿಸಿದೆ.

ಜಕ್ಕೂರಿನ ಕಡೆ ಇರುವ ಅಪಾರ್ಟ್‌ಮೆಂಟ್ ಅದು. ಅಮೃತಹಳ್ಳಿಯ ನಮ್ಮ ಬಾಡಿಗೆ ಮನೆಯಿಂದ ನಡೆದೇ ಹೋಗಿಬರಬಹುದಿತ್ತು. ಆ ಮನೆಯಲ್ಲಿದ್ದದ್ದು ಮೂವರೇ. ಮೇಡಂ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದರು. ಸಾರ್‌ಗೆ ಊರೂರು ತಿರುಗುವ ಕೆಲಸ. ವಾರದಲ್ಲಿ ಅರ್ಧದಷ್ಟು ದಿನ ಅವರು ಮನೆಯಲ್ಲಿರುತ್ತಿರಲಿಲ್ಲ. ಪಾಪು ಹೆಣ್ಣುಮಗು, ಆಗ ಇನ್ನೂ ಅಂಬೆಗಾಲಿಡುತ್ತಿತ್ತು. ಮೇಡಂ ಹೆರಿಗೆ ರಜೆ ಮುಗಿದು, ಸಂಬಳವಿಲ್ಲದ ರಜೆಯೂ ಮುಗಿದು, ಇನ್ನೇನು ಕೆಲಸ ಹೋಗುತ್ತೆ ಅನ್ನುವ ಹೊತ್ತಿಗೆ ನಾನು ಸಿಕ್ಕಿದ್ದಂತೆ. ಇದು ಆಮೇಲೆ ತಿಳಿದ ಸಂಗತಿ. ಆಗ ನನ್ನ ಕಣ್ಣಿಗೆ ಅವರು ಯಾವುದಕ್ಕೂ ಹೆದರುವ ಹೆಂಗಸಿನ ಹಾಗೆ ಕಾಣುತ್ತಿರಲಿಲ್ಲ.

ಪಾಪು ನನಗೆ ಬೇಗ ಹೊಂದಿಕೊಂಡಿತು. ಜಕ್ಕೂರಿನ ಏರೋಡ್ರೋಮಿನಿಂದ ಹಾರುವ ಸಣ್ಣ ವಿಮಾನಗಳು ಅವರ ಬಾಲ್ಕನಿ ಮೇಲೇ ಹಾದು ಹೋಗುತ್ತಿದ್ದವು. ಸದ್ದು ಕೇಳಿದ ತಕ್ಷಣ ಅದು ಬೆರಳೆತ್ತಿ "ಬುಯ್" ಅನ್ನೋದು, ನಾನು "ಬುಯ್" ಅನ್ನಬೇಕು, ಅನ್ನದಿದ್ದರೆ ನನ್ನ ಗಲ್ಲ ಹಿಡಿದು ಆಕಾಶದ ಕಡೆ ತಿರುಗಿಸೋದು. ನನಗೆ ಇಬ್ಬರು ಗಂಡುಮಕ್ಕಳು, ಇಬ್ಬರೂ ದೊಡ್ಡವರಾಗಿದ್ದಾರೆ. ಅವರ ಬಾಲ್ಯದಲ್ಲಿ ನಾನು ಇಟ್ಟಿಗೆ ಗೂಡಿಗೆ ಹೋಗುತ್ತಿದ್ದೆ, ಅವರು ಅಜ್ಜಿಯ ಹತ್ತಿರ ಸೋಲದೇವನಹಳ್ಳಿಯಲ್ಲಿ ಬೆಳೆದರು. ಒಂದು ಮಗು ದಿನವಿಡೀ ಏನೇನು ಮಾಡುತ್ತೆ ಅನ್ನೋದನ್ನು ನಾನು ಕೂತು ನೋಡಿದ್ದು ಈ ಪಾಪುವಿನಲ್ಲೇ ಮೊದಲು.

ಕೆಲಸ ಹೆಚ್ಚಾಗಿದ್ದು ಮೆಲ್ಲಗೆ. ಮೊದಲು ಮೆಷಿನ್‌ನಿಂದ ಬಟ್ಟೆ ತೆಗೆದು ಒಣಹಾಕೋದು. "ಹೇಗೂ ಪಾಪು ಬಟ್ಟೆ ಹಾಕ್ತೀರಲ್ಲ ಆಂಟಿ, ಜೊತೆಗೆ ನಮ್ದೂ." ಆಮೇಲೆ ಮಡಿಚೋದು. ಪಾತ್ರೆಯವಳು ಊರಿಗೆ ಹೋದಳು, ತಿರುಗಿ ಬರಲಿಲ್ಲ. ಸಿಂಕ್‌ನಲ್ಲಿ ಪಾತ್ರೆ ಬಿದ್ದಿದ್ದರೆ ಪಾಪುವಿನ ಬಟ್ಟಲು ತೊಳೆಯೋಕೂ ಜಾಗವಿರಲ್ಲ ಅಂತ ನಾನೇ ಒಂದು ದಿನ ತೊಳೆದೆ, ಅದು ದಿನದ ಕೆಲಸವಾಯಿತು. ಒಂದು ದಿನ ಸಾರ್‌ಗೆ ತುರ್ತಾಗಿ ಹೊರಡೋದಿತ್ತು, ಅಂಗಿ ಇಸ್ತ್ರಿ ಆಗಿರಲಿಲ್ಲ. ಅದೂ ನನ್ನ ಪಾಲಿಗೆ ಬಂತು. ಪ್ರತಿ ಸಲವೂ ಮೇಡಂ ನಗುತ್ತಾ, "ನೀವು ನಮ್ಮನೆಯವರ ತರಾನೇ ಆಂಟಿ" ಅನ್ನುತ್ತಿದ್ದರು. ಆ ಮಾತು ಬಂದರೆ ಹೊಸ ಕೆಲಸವೊಂದು ಬರುತ್ತೆ ಅಂತ ನನಗೆ ಗೊತ್ತಾಗಿಹೋಗಿತ್ತು.

ನಾನು ಕೇಳಬಹುದಿತ್ತು. ಕೇಳಲು ಹೆದರಿಕೆ. ನಮ್ಮ ಬೀದಿಯವಳೇ ಒಬ್ಬಳು ಅದೇ ಅಪಾರ್ಟ್‌ಮೆಂಟಿನ ಇನ್ನೊಂದು ಬ್ಲಾಕಿನಲ್ಲಿ ಅವಳಿಜವಳಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಸಂಬಳ ಜಾಸ್ತಿ ಮಾಡಿ, ಇಲ್ಲಾಂದ್ರೆ ಬಿಡ್ತೀನಿ ಅಂದಳು. ಅದಾದ ವಾರದಲ್ಲೇ ಆ ಮನೆಯವರ ಕಿವಿಯ ಓಲೆಯೊಂದು ಕಾಣೆಯಾಯಿತು. ಪೊಲೀಸಿಗೆ ಯಾರೂ ಹೋಗಲಿಲ್ಲ. ಇವಳ ಫೋಟೋ ಮಾತ್ರ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡಿತು. ಮಾರನೇ ದಿನ ಬೆಳಿಗ್ಗೆ ಗೇಟಿನಲ್ಲಿ ಕೆಲಸದವರಿಗೆ ಕೊಟ್ಟ ನಂಬರ್ ಒತ್ತಿದರೆ ಕೆಂಪು ದೀಪ, ಒಳಗೆ ಬಿಡಲಿಲ್ಲ. ಓಲೆ ಆಮೇಲೆ ಸಿಕ್ಕಿತೋ ಇಲ್ಲವೋ ಯಾರೂ ಹೇಳಲಿಲ್ಲ. ಅವಳೀಗ ಯಶವಂತಪುರದ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ನಾನು ಪ್ರತಿದಿನ ಆ ಗೇಟಿನಲ್ಲಿ ನಂಬರ್ ಒತ್ತುವಾಗ ಹಸಿರು ದೀಪ ಬರೋವರೆಗೂ ಉಸಿರು ಬಿಡುತ್ತಿರಲಿಲ್ಲ.

ಆದರೂ ಒಂದು ದಿನ ಕೇಳಿದೆ. ಸೊಂಟ ಹಿಡಿದುಕೊಂಡಿತ್ತು, ಇಸ್ತ್ರಿ ಮಾಡುತ್ತಾ ಇರುವಾಗ ಪಾಪು ಅಳುತ್ತಿತ್ತು, ಎತ್ತಿಕೊಳ್ಳೋಕೆ ಆಗಲಿಲ್ಲ. ಅವತ್ತು ಸಂಜೆ ಮೇಡಂ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೇ ಹೇಳಿಬಿಟ್ಟೆ.

"ಮೇಡಂ, ನಾನು ಪಾಪುಗೋಸ್ಕರ ಸೇರಿದ್ದು. ಈಗ ಮನೆಕೆಲಸ ಎಲ್ಲ ನನ್ ಮೇಲೇ ಬಿದ್ದಿದೆ. ಒಂದೋ ಬೇರೆಯವರನ್ನ ಇಟ್ಕೊಳ್ಳಿ, ಇಲ್ಲಾಂದ್ರೆ ಅದಕ್ಕೂ ಸೇರಿಸಿ ಕೊಡಿ."

ಅವರ ಮುಖ ಬಿಳಿಚಿತು. ಸಿಟ್ಟು ಅಂದುಕೊಂಡೆ. "ಪಾಪು ಮಲಗಿದಾಗ ನಿಮಗೇನು ಕೆಲಸ ಇರುತ್ತೆ ಆಂಟಿ?" ಅಂದರು. ಆಮೇಲೆ ಅವರೇ ದನಿ ತಗ್ಗಿಸಿ, "ನೋಡೋಣ, ಸಾರ್ ಹತ್ರ ಮಾತಾಡ್ತೀನಿ. ಬಿಟ್ಟು ಗಿಟ್ಟು ಹೋಗ್ಬೇಡಿ" ಅಂದರು.

ಮಾತಾಡಿದರೋ ಇಲ್ಲವೋ. ಆ ವಾರ ಹಾಲಿನ ಗೋಡೆ ಮೇಲೆ ಒಂದು ಕ್ಯಾಮೆರಾ ಬಂತು. ಬಿಳೀ ಬಣ್ಣದ್ದು, ತೆಂಗಿನಕಾಯಿಯಷ್ಟು ಗುಂಡಗೆ, ನಾನು ಹೋದ ಕಡೆ ಕತ್ತು ತಿರುಗಿಸುವಂಥದ್ದು. "ನಿಮ್ಮ ಮೇಲೆ ಅನುಮಾನ ಅಂತಲ್ಲ ಆಂಟಿ. ಪಾಪುನ ನೋಡ್ತಾ ಇರಬಹುದಲ್ಲ ಅಂತ" ಅಂದರು ಮೇಡಂ. ನಾನು ಸರಿ ಅಂದೆ. ಅವತ್ತಿಂದ ಆ ಹಾಲಿನಲ್ಲಿ ಸೀರೆ ಸೆರಗು ಸರಿಮಾಡಿಕೊಳ್ಳೋಕೂ ಬಚ್ಚಲಿಗೆ ಹೋಗುತ್ತಿದ್ದೆ. ಪಾಪುವನ್ನು ಗದರಬೇಕಾದಾಗಲೂ ಗದರುತ್ತಿರಲಿಲ್ಲ. ಯಾವ ಮಾತು ಅಲ್ಲಿಂದ ನೋಡುವವರಿಗೆ ಹೇಗೆ ಕಾಣುತ್ತೋ.

ಕ್ಯಾಮೆರಾ ಮಾತೂ ಆಡುತ್ತಿತ್ತು. ಮೊದಲನೇ ಸಲ ಮೇಡಂ ದನಿ ಗೋಡೆಯಿಂದ ಬಂದಾಗ ನನ್ನ ಕೈಯಲ್ಲಿದ್ದ ಬಟ್ಟಲು ಬಿದ್ದುಹೋಯಿತು. "ಆಂಟಿ, ಪಾಪುಗೆ ಟೋಪಿ ಹಾಕಿ, ಫ್ಯಾನ್ ಗಾಳಿ ಬಡೀತಿದೆ." ಪಾಪು ತಿರುಗಿ ನೋಡಿತು. ಅಮ್ಮನ ದನಿ, ಅಮ್ಮ ಇಲ್ಲ. ಅದು ತೆವಳಿಕೊಂಡು ಹೋಗಿ ಆ ಗೋಡೆ ಕೆಳಗೆ ಕೂತು ಎರಡೂ ಕೈ ಮೇಲೆತ್ತಿ ಎತ್ತಿಕೋ ಅನ್ನುವ ಹಾಗೆ ಕಾಯಿತು. ಬಹಳ ಹೊತ್ತು ಕಾಯಿತು. ಆಮೇಲೆ ಅತ್ತಿತು. ಅದನ್ನು ಮೇಡಂ ಅಲ್ಲಿಂದ ನೋಡಿದರೋ ಏನೋ ನನಗೆ ಗೊತ್ತಿಲ್ಲ.

ಆಗ ಪಾಪು ನಡೆಯಲು ಶುರುಮಾಡಿತ್ತು. ಮೊದಲ ಹುಟ್ಟುಹಬ್ಬಕ್ಕೆ ಅಂತ ಹಾಲಿನ ಸುತ್ತ ಬಣ್ಣದ ಲೈಟಿನ ಪಟ್ಟಿ ಅಂಟಿಸಿದ್ದರು. ಹಬ್ಬ ಮುಗಿದರೂ ತೆಗೆದಿರಲಿಲ್ಲ. ಅದಕ್ಕೊಂದು ಸಣ್ಣ ರಿಮೋಟು, ಬೆಂಕಿಪೊಟ್ಟಣಕ್ಕಿಂತ ತೆಳ್ಳಗೆ, ಬಣ್ಣಬಣ್ಣದ ಗುಂಡಿಗಳು. ಪಾಪುವಿಗೆ ಅದರ ಮೇಲೇ ಕಣ್ಣು. ನಾನು ಟಿವಿ ಮೇಲೆ ಎತ್ತಿಡುತ್ತಿದ್ದೆ, ರಾತ್ರಿ ಅವರು ಅದನ್ನು ಬಳಸಿ ಎಲ್ಲಾದರೂ ಬಿಡುತ್ತಿದ್ದರು.

ಅವತ್ತು ಅಡುಗೆಯವರು ಬರಲಿಲ್ಲ. ಮಧ್ಯಾಹ್ನ ಪಾಪು ನಿದ್ದೆ ಮುಗಿಸಿ ಎದ್ದಿತ್ತು. ಗೋಡೆಯಿಂದ ಮೇಡಂ ದನಿ ಬಂತು.

"ಆಂಟಿ, ಅಡುಗೆಯವರು ಕೈ ಕೊಟ್ರು. ಸಾರ್ ಕಡೆಯವರು ಸಂಜೆ ಊಟಕ್ಕೆ ಬರ್ತಿದ್ದಾರೆ. ಒಂದು ಸಾಂಬಾರ್, ಒಂದು ಪಲ್ಯ ಮಾಡ್ಬಿಡಿ ಪ್ಲೀಸ್."

"ಪಾಪು ಎದ್ದಿದೆ ಮೇಡಂ. ಒಲೆ ಹತ್ರ ಬಂದ್ಬಿಡುತ್ತೆ."

"ಅಡುಗೆಮನೆಗೆ ಗೇಟ್ ಹಾಕ್ಕೊಳ್ಳಿ. ಪಾಪುನ ಹಾಲಲ್ಲೇ ಆಟದ ಸಾಮಾನು ಹಾಕಿ ಕೂರಿಸಿ. ನಾನಿಲ್ಲಿಂದ ನೋಡ್ತಾ ಇರ್ತೀನಿ."

ಇನ್ನೊಂದು ಸಲ ಇಲ್ಲ ಅನ್ನುವ ಧೈರ್ಯ ಬರಲಿಲ್ಲ. ಪಾಪುವನ್ನು ಚಾಪೆ ಮೇಲೆ ಕೂರಿಸಿ, ಸುತ್ತ ಆಟದ ಸಾಮಾನು ಹರಡಿ, ಮಕ್ಕಳು ಒಳಗೆ ಬಾರದ ಹಾಗೆ ಹಾಕಿದ್ದ ಗೇಟು ಎಳೆದುಕೊಂಡು ಒಳಗೆ ಹೋದೆ. ಬೇಳೆ ಕುಕ್ಕರಿಗಿಟ್ಟು ಬೀನ್ಸ್ ಹೆಚ್ಚುತ್ತಾ ಇದ್ದೆ. ಆಗಾಗ ಇಣುಕಿದೆ. ಪಾಪು ಡಬ್ಬಿ ಬಡಿಯುವ ಸದ್ದು ಕೇಳುತ್ತಿತ್ತು. ಕುಕ್ಕರ್ ಕೂಗಿದಾಗ ಆ ಸದ್ದು ಮುಚ್ಚಿಹೋಯಿತು. ಕುಕ್ಕರ್ ನಿಂತ ಮೇಲೂ ಸದ್ದಿಲ್ಲ.

ಮಕ್ಕಳು ಸುಮ್ಮನಾದರೆ ಏನೋ ಮಾಡುತ್ತಿವೆ ಅಂತಲೇ ಅರ್ಥ. ಓಡಿಬಂದೆ. ಪಾಪು ಸೋಫಾದ ಮೂಲೆಗೆ ಒರಗಿ ಕೂತಿತ್ತು. ಬಾಯಿಂದ ಜೊಲ್ಲು ಒಂದೇ ಸಮ ಸುರಿಯುತ್ತಿತ್ತು, ಅಂಗಿಯ ಎದೆ ಒದ್ದೆ. ಒಂದು ಸಲ ಓಕರಿಸಿತು, ಏನೂ ಬರಲಿಲ್ಲ. ಪಕ್ಕದಲ್ಲಿ ಆ ಲೈಟಿನ ರಿಮೋಟು ಬಿದ್ದಿತ್ತು. ಅದರ ಕೆಳಗಿನ ಸೆಲ್ಲಿನ ತಟ್ಟೆ ಹೊರಗೆ ಬಂದಿತ್ತು. ಬೊಟ್ಟಿನಷ್ಟು ಗುಂಡಗಿರುವ ಚಪ್ಪಟೆ ಸೆಲ್ಲು ಕೂರುವ ಗುಳಿ ಖಾಲಿ.

ಬಾಯಲ್ಲಿ ಬೆರಳು ಹಾಕಿ ನೋಡಿದೆ. ಇಲ್ಲ. ಚಾಪೆ ಒದರಿದೆ, ಸೋಫಾದ ಕೆಳಗೆ ಮಲಗಿ ನೋಡಿದೆ, ದಿಂಬು ಎಲ್ಲ ಕಿತ್ತು ಹಾಕಿದೆ. ಇಲ್ಲ. ಪಾಪು ಕೆಮ್ಮಿತು. ಕತ್ತು ಮುಂದೆ ಚಾಚಿ ಏನೋ ನುಂಗಲು ಕಷ್ಟಪಡುವ ಹಾಗೆ ಮಾಡಿತು. ನೀರಿನ ಬಾಟಲಿ ಹಿಡಿದರೆ ಮುಖ ತಿರುಗಿಸಿತು. ಉಸಿರಾಡುತ್ತಿತ್ತು, ಅದೊಂದೇ ಸಮಾಧಾನ.

ಕ್ಯಾಮೆರಾದ ಮುಂದೆ ನಿಂತು ಕೂಗಿದೆ. "ಮೇಡಂ, ಮೇಡಂ, ನೋಡ್ತಿದ್ದೀರಾ? ಪಾಪು ಸೆಲ್ಲು ನುಂಗಿದೆ." ಅದು ಕತ್ತು ತಿರುಗಿಸಿ ನನ್ನ ಕಡೆಗೆ ನೋಡಿತು. ಮಾತಾಡಲಿಲ್ಲ. ಫೋನ್ ಮಾಡಿದೆ. ಪೂರ್ತಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಸಾರ್‌ಗೆ ಮಾಡಿದೆ, ಅವರು ಕಟ್ ಮಾಡಿದರು, ಆಮೇಲೆ ಮಾತಾಡ್ತೀನಿ ಅನ್ನುವ ಮೆಸೇಜು ಬಂತು.

ಸೆಲ್ಲು ನುಂಗಿದರೆ ಏನಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ. ನಾಳೆ ಹೊಟ್ಟೆಯಿಂದ ಆಚೆ ಬರುತ್ತೇನೋ ಅಂತ ಒಂದು ಮನಸ್ಸು. ಹಾಗಾದರೆ ಯಾರಿಗೂ ಹೇಳುವ ಅಗತ್ಯವೇ ಇಲ್ಲವಲ್ಲ ಅಂತಲೂ ಅದೇ ಮನಸ್ಸು. ಆದರೆ ಆ ಜೊಲ್ಲು ನಿಲ್ಲುತ್ತಿರಲಿಲ್ಲ. ಪಾಪು ನನ್ನ ಮುಖವನ್ನೇ ನೋಡುತ್ತಿತ್ತು, ಅಳುತ್ತಿರಲಿಲ್ಲ, ಅಳೋಕೂ ಹೆದರಿದ ಹಾಗಿತ್ತು. ಒಲೆ ಆರಿಸಿ, ಮಗುವನ್ನು ಎತ್ತಿಕೊಂಡು, ಆ ರಿಮೋಟನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ. ಲಿಫ್ಟಿನ ಕನ್ನಡಿಯಲ್ಲಿ ನನ್ನ ಮುಖ ನಾನೇ ನೋಡಲಾರದೆ ಕಣ್ಣು ಮುಚ್ಚಿಕೊಂಡೆ.

ಗೇಟಿನಲ್ಲಿ ಸೆಕ್ಯುರಿಟಿ ಅಣ್ಣ ಅಡ್ಡ ನಿಂತರು. ವಯಸ್ಸಾದವರು, ಬೆಳಿಗ್ಗೆ ಸಂಜೆ ಪಾಪುವನ್ನು ನೋಡಿ ನಗಿಸುವವರು.

"ಪಾಪುನ ಎಲ್ಲಿಗೆ ಕರ್ಕೊಂಡ್ ಹೋಗ್ತಿದ್ದೀಯಮ್ಮ? ಓನರ್ ಪರ್ಮಿಷನ್ ಇದೆಯಾ?"

"ಆಸ್ಪತ್ರೆಗೆ ಅಣ್ಣ. ಸೆಲ್ಲು ನುಂಗ್ಬಿಟ್ಟಿದೆ. ಮೇಡಂ ಫೋನ್ ಎತ್ತುತ್ತಿಲ್ಲ."

"ಕೆಲಸದವರು ಮಗು ಎತ್ಕೊಂಡು ಗೇಟ್ ದಾಟಂಗಿಲ್ಲ. ರೂಲ್ಸು. ನಾನೂ ಫೋನ್ ಮಾಡ್ತೀನಿ, ತಡಿ."

ಅವರು ಗೇಟಿನ ಆ್ಯಪಿನಲ್ಲಿ ಮೇಡಂ ನಂಬರ್ ಒತ್ತಿದರು. ಉತ್ತರವಿಲ್ಲ. ಮತ್ತೆ ಒತ್ತಿದರು. ಕೊರಿಯರ್ ತಂದವನೊಬ್ಬ, ವಾಕಿಂಗಿಗೆ ಇಳಿದಿದ್ದ ಇಬ್ಬರು ಹೆಂಗಸರು ನಿಂತು ನೋಡಿದರು. ಅವರಲ್ಲೊಬ್ಬರು ಫೋನ್ ಎತ್ತಿ ನನ್ನ ಕಡೆ ಹಿಡಿದರು. ಫೋಟೋ ತೆಗೆದರು ಅಂತ ಗೊತ್ತಾಯಿತು. ನಮ್ಮ ಬೀದಿಯವಳ ಮುಖ ಕಣ್ಣ ಮುಂದೆ ಬಂತು.

"ಅಣ್ಣ, ಮಗು ನೋಡಿ. ನೀವೇ ನೋಡಿ."

ಅವರು ಬಗ್ಗಿ ನೋಡಿದರು. ಪಾಪು ಓಕರಿಸಿತು. ಈ ಸಲ ಜೊಲ್ಲಿನಲ್ಲಿ ಕೆಂಪು ಎಳೆಯೊಂದಿತ್ತು. ನಾನು ಅಡ್ಡಗಂಬದ ಕೆಳಗೆ ಬಗ್ಗಿ ದಾಟಿಬಿಟ್ಟೆ. ಅಣ್ಣ ನನ್ನ ಸೆರಗು ಹಿಡಿದುಕೊಂಡರು. "ನನ್ ಕೆಲ್ಸ ಹೋಗ್ತದಮ್ಮ" ಅಂದರು. ಎಳೆಯಲೂ ಇಲ್ಲ, ಬಿಡಲೂ ಇಲ್ಲ. ಹಾಗೆ ನಾವಿಬ್ಬರೂ ನಿಂತಿರುವಾಗ ನನ್ನ ಫೋನು ರಿಂಗಾಯಿತು.

"ಪಾಪುನ ಎಲ್ಲಿಗೆ ಕರ್ಕೊಂಡ್ ಹೋಗ್ತಿದ್ದೀರಿ?" ಮೇಡಂ ದನಿ ಗುರುತೇ ಸಿಗದ ಹಾಗಿತ್ತು. "ಗೇಟಿಂದ ಮೆಸೇಜ್ ಬಂತು. ಪಾಪು ಎಲ್ಲಿ? ಪಾಪುನ ತೋರ್ಸಿ."

"ಮೇಡಂ, ಆ ಲೈಟಿನ ರಿಮೋಟಿನ ಸೆಲ್ಲು ನುಂಗಿದೆ. ಜೊಲ್ಲು ನಿಲ್ತಿಲ್ಲ. ರಕ್ತ ಬಂತು."

ತಡೀರಿ, ನಾನು ಬರ್ತೀನಿ ಅಂತಾರೆ, ಇಲ್ಲಾಂದ್ರೆ ನನ್ನನ್ನ ಹಿಡ್ಕೊಳ್ಳಿ ಅಂತ ಅಣ್ಣನಿಗೆ ಹೇಳ್ತಾರೆ ಅಂದುಕೊಂಡೆ. "ಸೆಕ್ಯುರಿಟಿಗೆ ಫೋನ್ ಕೊಡಿ" ಅಂದರು. ಕೊಟ್ಟೆ. ಅಣ್ಣ ಕಿವಿಗಿಟ್ಟುಕೊಂಡು "ಸರಿ ಮೇಡಂ, ಸರಿ ಮೇಡಂ" ಅನ್ನುತ್ತಲೇ ಸೆರಗು ಬಿಟ್ಟು, ಯಾರನ್ನೋ ಇಳಿಸಿ ತಿರುಗಿಸುತ್ತಿದ್ದ ಆಟೋಗೆ ಶಿಳ್ಳೆ ಹಾಕಿದರು. ಫೋನ್ ನನ್ನ ಕೈಗೆ ಬಂದಾಗ ಮೇಡಂ ಹೇಳುತ್ತಿದ್ದರು: "ಹೆಬ್ಬಾಳದ ಹತ್ರ ದೊಡ್ಡ ಆಸ್ಪತ್ರೆಗೇ ಹೋಗಿ. ಚಿಕ್ಕ ಕ್ಲಿನಿಕ್‌ಗೆ ಬೇಡ. ಸೆಲ್ಲು ಅಂತ ಮೊದಲೇ ಹೇಳಿ. ಆಂಟಿ, ಪಾಪುನ ಬಿಡ್ಬೇಡಿ."

ಆಟೋದವರು ಸಾಬರು, ಕನ್ನಡದಲ್ಲೇ "ಗಟ್ಟಿಯಾಗಿ ಹಿಡ್ಕೋಮ್ಮ" ಅಂದು ಹಾರಿಸಿದರು. ಸರ್ವಿಸ್ ರಸ್ತೆಯಲ್ಲಿ ಗಾಡಿಗಳು ಒಂದರ ಬೆನ್ನಿಗೊಂದು ನಿಂತಿದ್ದವು. ಅವರು ಹಾರನ್ ಮೇಲಿನ ಕೈ ತೆಗೆಯದೆ, ಫುಟ್‌ಪಾತಿನ ಮೇಲೊಂದು ಚಕ್ರ ಹತ್ತಿಸಿ ನುಗ್ಗಿಸಿದರು. ನಾನು ಪಾಪುವಿನ ಎದೆ ಮೇಲೆ ಅಂಗೈ ಇಟ್ಟುಕೊಂಡೇ ಇದ್ದೆ. ಎದೆ ಏರಿದರೆ ನನ್ನ ಉಸಿರು, ಇಳಿದರೆ ನನ್ನ ಉಸಿರು. ಮೇಲೆ ವಿಮಾನವೊಂದು ಹೋಯಿತು. ಪಾಪು ಬೆರಳೆತ್ತಲಿಲ್ಲ.

ಎಮರ್ಜೆನ್ಸಿಯಲ್ಲಿ ಒಬ್ಬ ನರ್ಸು ಕೇಳಿದಳು: "ನೀವು ತಾಯಿನಾ?"

"ಅಲ್ಲ. ನೋಡ್ಕೊಳ್ಳೋಳು."

"ತಂದೆ ತಾಯಿ ಎಲ್ಲಿ?"

"ಬರ್ತಿದ್ದಾರೆ."

ರಿಮೋಟು ತೋರಿಸಿ ಸೆಲ್ಲು ಅಂದ ತಕ್ಷಣ ಅವಳ ನಡಿಗೆಯೇ ಬದಲಾಯಿತು. ಎಕ್ಸ್‌ರೇ ಕೋಣೆಯಲ್ಲಿ ಪಾಪುವಿನ ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ ಅಲ್ಲಾಡದ ಹಾಗೆ ಹಿಡಿಯಲು ಹೇಳಿದರು. ಹಿಡಿದೆ. ಅದು ಆಗ ಅತ್ತಿತು, ಗಂಟಲು ಹರಿಯುವ ಹಾಗೆ, ನನ್ನ ಮುಖ ನೋಡಿಕೊಂಡೇ ಅತ್ತಿತು. ಕಂಪ್ಯೂಟರಿನ ಪರದೆ ಮೇಲೆ ಸಣ್ಣ ಸಣ್ಣ ಪಕ್ಕೆಲುಬುಗಳ ನಡುವೆ ಒಂದು ಬಿಳೀ ಬೊಟ್ಟು. ಡಾಕ್ಟರು ಫೋನಿನಲ್ಲಿ ಮೇಡಂಗೆ ಹೇಳುತ್ತಿದ್ದುದು ನನಗೂ ಕೇಳಿಸಿತು. ಅನ್ನನಾಳದಲ್ಲಿ ಸಿಕ್ಕಿಕೊಂಡಿದೆ, ಒಳಗೇ ಸುಡುತ್ತಾ ಇರುತ್ತೆ, ಈಗಲೇ ತೆಗೆಯಬೇಕು, ನೀವು ಬರೋವರೆಗೂ ಕಾಯಲ್ಲ, ಫೋನಿನಲ್ಲೇ ಒಪ್ಪಿಗೆ ಕೊಡಿ. ಮೇಡಂ ಏನಂದರೋ, ಡಾಕ್ಟರು ಸರಿ ಅಂದು ಪಾಪುವನ್ನು ನನ್ನ ಕೈಯಿಂದ ತೆಗೆದುಕೊಂಡರು. ಅದು ನನ್ನ ಕುಪ್ಪಸದ ತೋಳು ಹಿಡಿದುಕೊಂಡಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಮೇಡಂ ಬಂದಾಗ ಅವರ ಕಾಲಲ್ಲಿ ಒಂದೇ ಚಪ್ಪಲಿ ಇತ್ತು. ಫ್ಲೈಓವರ್ ಮೇಲೆ ಕ್ಯಾಬು ನಿಂತುಬಿಟ್ಟಿತಂತೆ, ಇಳಿದು ಓಡಿ, ಯಾರೋ ಗೊತ್ತಿಲ್ಲದವರ ಸ್ಕೂಟರ್ ಹತ್ತಿ ಬಂದರಂತೆ. ನನ್ನನ್ನು ನೋಡಿ ಹತ್ತಿರ ಬರಲಿಲ್ಲ. ಆಪರೇಷನ್ ಥಿಯೇಟರಿನ ಬಾಗಿಲ ಆ ಪಕ್ಕದ ಗೋಡೆಗೆ ಒರಗಿ ನಿಂತರು, ನಾನು ಈ ಪಕ್ಕದ ಗೋಡೆಗೆ. ನಮ್ಮಿಬ್ಬರ ನಡುವೆ ಜನ ಓಡಾಡುತ್ತಿದ್ದರು. ತಪ್ಪೆಲ್ಲ ನನ್ನದೇ ಅಂತ ಮೇಡಂ ಹೇಳಿಬಿಡುತ್ತಾರೆ ಅನ್ನುವುದೊಂದೇ ನನ್ನ ತಲೆಯಲ್ಲಿ. ಮಗು ಉಳಿಯಲಿ ಅಂತ ಬೇಡಿಕೊಳ್ಳುವಾಗಲೂ, ಅದು ಮಗುವಿಗಾಗಿಯೋ ನನಗಾಗಿಯೋ ಅಂತ ನನಗೇ ಗೊತ್ತಾಗುತ್ತಿರಲಿಲ್ಲ.

ಸಾರ್ ಬಂದರು, ಏರ್‌ಪೋರ್ಟಿನಿಂದ ಸೀದಾ, ಕೈಯಲ್ಲಿ ಎಳೆಯುವ ಪೆಟ್ಟಿಗೆ. ಮೇಡಂ ಹತ್ತಿರ ಏನೋ ಕೇಳಿ ನನ್ನ ಕಡೆ ಬಂದರು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

"ಅದು ನುಂಗುವಾಗ ನೀವೆಲ್ಲಿದ್ರಿ?"

"ಅಡುಗೆಮನೆಯಲ್ಲಿ ಸಾರ್."

"ನಿಮ್ಮನ್ನ ಇಟ್ಕೊಂಡಿರೋದು ಯಾಕೆ? ಪಾಪುನ ನೋಡ್ಕೊಳ್ಳೋಕೆ ತಾನೇ? ಒಂದು ವರ್ಷದ ಮಗುನ ಒಂಟಿಯಾಗಿ ಬಿಟ್ಟು ಅಡುಗೆಮನೆಯಲ್ಲಿ ಏನ್ ಮಾಡ್ತಿದ್ರಿ?"

ನಾನು ಮೇಡಂ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ನಾನೇ ಹೇಳಬಹುದಿತ್ತು. ಹೇಳಿದರೆ ಗಂಡ ಹೆಂಡತಿ ನಡುವೆ ಬೆಂಕಿ ಹಾಕಿದ ಹಾಗೆ. ಮೇಡಂ ಇಲ್ಲ ಅಂದುಬಿಟ್ಟರೆ ನಾನು ಸುಳ್ಳುಗಾತಿಯೂ ಆದ ಹಾಗೆ.

ಅಷ್ಟರಲ್ಲಿ ಒಬ್ಬ ಹೆಣ್ಣು ಕಾನ್‌ಸ್ಟೇಬಲ್ ಬಂದರು. ಇಂಥ ಪ್ರಕರಣವನ್ನು ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕಂತೆ. ಅವರು ನನ್ನನ್ನೇ ಮೊದಲು ಕರೆದರು.

"ಮಗು ನಿಮಗೆ ಏನಾಗ್ಬೇಕು?"

"ಏನೂ ಆಗಲ್ಲ. ನೋಡ್ಕೊಳ್ತೀನಿ."

"ಆಧಾರ್ ಇದೆಯಾ? ಎಲ್ಲಿ ಮನೆ? ಏನ್ ನಡೀತು ಹೇಳಿ."

ಕುರ್ಚಿಯ ಬೆನ್ನು ಹಿಡಿದುಕೊಂಡು, ಅಡುಗೆಮನೆಯಲ್ಲಿದ್ದೆ ಅಂತ ಶುರುಮಾಡಿದೆ. "ಯಾಕೆ ಹೋದ್ರಿ?" ಅಂದರು ಅವರು. ಆಗ ಪಕ್ಕದಿಂದ ಮೇಡಂ ದನಿ ಬಂತು.

"ನಾನೇ ಹೇಳಿದ್ದು."

ಎಲ್ಲರೂ ತಿರುಗಿದೆವು. "ಅಡುಗೆ ಮಾಡಿ ಅಂತ ನಾನೇ ಹೇಳಿದ್ದು. ಪಾಪು ಎದ್ದಿದೆ, ಆಗಲ್ಲ ಅಂದ್ರು. ಕ್ಯಾಮೆರಾದಲ್ಲಿ ನಾನು ನೋಡ್ತಾ ಇರ್ತೀನಿ ಅಂದೆ. ಅಷ್ಟರಲ್ಲಿ ಮೀಟಿಂಗಿಗೆ ಕರೆದ್ರು. ಫೋನ್ ತಿರುಗಿಸಿಟ್ಟು ಹೋದೆ. ನೋಡ್ಲಿಲ್ಲ." ಸಾರ್ ಏನೋ ಅನ್ನಲು ಹೋದರು. ಮೇಡಂ ಕೇಳಿಸಿಕೊಳ್ಳದೆ ಮುಂದುವರಿಸಿದರು. "ಬರೀ ಪಾಪು ಕೆಲಸ ಅಂತ ಸೇರಿಸಿ ಮನೆಕೆಲಸ ಎಲ್ಲ ಮಾಡಿಸ್ಕೊಂಡೆ. ಅದಕ್ಕೂ ಸೇರಿಸಿ ಸಂಬಳ ಕೇಳಿದ್ರು. ಕೊಡೋಕಾಗಲ್ಲ ಅಂತ ಹೇಳೋಕೆ ಭಯ, ಬಿಟ್ಟು ಹೋಗ್ಬಿಡ್ತಾರೆ ಅಂತ. ಕೊಡೋಣ ಅಂದ್ರೆ ಇವರು ಒಪ್ಪಲಿಲ್ಲ. ಇದನ್ನೂ ಬರ್ಕೊಳ್ಳಿ ಮೇಡಂ."

ಕಾನ್‌ಸ್ಟೇಬಲ್ ಅದನ್ನೆಲ್ಲ ಬರೆದುಕೊಳ್ಳಲಿಲ್ಲ. "ಸರಿ, ಮಗು ಮೊದಲು ಆಚೆ ಬರ್ಲಿ" ಅಂದು ಬೆಂಚಿನ ಮೇಲೆ ಕೂತರು. ನಾನು ಕುರ್ಚಿಯ ಬೆನ್ನು ಬಿಡದೆ ನಿಂತೇ ಇದ್ದೆ.

ಸೆಲ್ಲು ತೆಗೆದರು. ಡಾಕ್ಟರು ಹೊರಗೆ ಬಂದು ಸುಟ್ಟಿದೆ, ಆದರೆ ಆಳಕ್ಕೆ ಹೋಗಿಲ್ಲ, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಅಂದರು. ತೂತಾಗಿಲ್ಲ ಅಂತ ಖಾತ್ರಿಯಾಗೋವರೆಗೆ ಕೆಲವು ದಿನ ಮೂಗಿನ ನಳಿಕೆಯಲ್ಲೇ ಹಾಲು ಅಂದರು. ಸಾರ್ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಒಳಗೆ ಬಿಟ್ಟಿದ್ದು ಅವರಿಬ್ಬರನ್ನೇ. ನನಗೆ ಯಾರೂ ಇರು ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಸ್ವಲ್ಪ ಹೊತ್ತು ಕಾದು, ಬಸ್ ಹತ್ತಿ ಮನೆಗೆ ಬಂದೆ.

ಆಮೇಲಿನ ದಿನಗಳು ಇನ್ನೂ ಕಷ್ಟ. ಆ ಮನೆಯಿಂದ ಫೋನಿಲ್ಲ. ಮಾಡೋಕೆ ನನಗೆ ಧೈರ್ಯವಿಲ್ಲ. ಪಾಪು ಹೇಗಿದೆ ಅಂತ ತಿಳಿಯೋಕೂ ದಾರಿಯಿಲ್ಲ. ಬೀದಿಯಲ್ಲಿ ಬೈಕು ನಿಂತ ಸದ್ದಾದರೆ ಪೊಲೀಸರು ಅಂದುಕೊಳ್ಳುತ್ತಿದ್ದೆ. ನನ್ನ ಗಂಡ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಅವನು ಆ ಅಪಾರ್ಟ್‌ಮೆಂಟಿಗೂ ನೀರು ಹಾಕುವವನು. ಅಲ್ಲಿ ಗೇಟಿನಲ್ಲಿ ನನ್ನ ಫೋಟೋದ ಸುದ್ದಿ ಕೇಳಿ ಬಂದ. ಮಗು ಕದ್ದುಕೊಂಡು ಓಡುತ್ತಿದ್ದಳು, ಸೆಕ್ಯುರಿಟಿಯವರು ಹಿಡಿದರು ಅಂತ ಗ್ರೂಪಿನಲ್ಲಿ ಯಾರೋ ಹಾಕಿದ್ದರಂತೆ.

"ನೀ ಇನ್ನ ಆ ಕಡೀಕೆ ಓಗ್ಬೇಡ. ಅವ್ರು ಕರದ್ರೂ ಓಗ್ಬೇಡ" ಅಂದ. "ಇಂಗೆ ಬದುಕೋದು ಬೇಡ ನಮ್ಗೆ. ಊರ ಕಡೆ ನರ್ಸರಿಯಾಗೆ ಗಿಡಕ್ಕೆ ನೀರಾಕೋ ಕೆಲ್ಸ ಐತೆ."

ಊಟಕ್ಕೆ ಕೂತರೆ ನುಂಗುವಾಗ ಗಂಟಲಲ್ಲಿ ಏನೋ ಸಿಕ್ಕಿದ ಹಾಗಾಗುತ್ತಿತ್ತು.

ಒಂದು ಬೆಳಿಗ್ಗೆ ಮೇಡಂ ನಮ್ಮ ಬೀದಿಗೇ ಬಂದರು. ಒಬ್ಬರೇ. ನಾನು ನಲ್ಲಿ ಹತ್ತಿರ ಕೊಡ ಹಿಡಿದಿದ್ದೆ. ಅವರ ಮುಖ ನೋಡಿ ಪಾಪು ಹೋಯಿತು ಅಂದುಕೊಂಡುಬಿಟ್ಟೆ. ಕೊಡ ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸಲು ಕೈ ಏಳಲಿಲ್ಲ.

"ಚೆನ್ನಾಗಿದೆ ಆಂಟಿ" ಅಂದರು ಅವರೇ ಮೊದಲು. "ನಿನ್ನೆ ನಳಿಕೆ ತೆಗೆದ್ರು. ಗಂಜಿ ಕುಡೀತು."

ನಾನು ಅಲ್ಲೇ ನೀರಿನ ಕಟ್ಟೆ ಮೇಲೆ ಕೂತೆ. ಅವರೂ ಪಕ್ಕದಲ್ಲಿ ಕೂತರು, ಸೀರೆ ಒದ್ದೆಯಾಗುತ್ತೆ ಅಂತ ನೋಡಲಿಲ್ಲ. ನಡೆದದ್ದನ್ನು ಗ್ರೂಪಿನಲ್ಲಿ ನಾನೇ ಬರೆದು ಹಾಕಿದ್ದೇನೆ, ನಿಮ್ಮ ಫೋಟೋ ಅಲ್ಲಿಂದ ಅಳಿಸಿದ್ದೇನೆ ಅಂದರು. ಸೆಕ್ಯುರಿಟಿ ಅಣ್ಣನಿಗೂ ತೊಂದರೆಯಾಗದ ಹಾಗೆ ಮಾತಾಡಿದ್ದರು. ಆಮೇಲೆ ಕೇಳಿದರು. "ವಾಪಸ್ ಬರ್ತೀರಾ?"

"ಸಾರ್ ಒಪ್ತಾರಾ?"

"ಒಪ್ಪಲ್ಲ ಅಂದ್ರು. ಹಾಗಾದ್ರೆ ನಾನು ಕೆಲಸ ಬಿಡ್ತೀನಿ ಅಂದೆ. ಆಮೇಲೆ ಒಪ್ಪಿದ್ರು." ಅವರು ಕೈ ಉಜ್ಜಿಕೊಂಡರು. "ಪಾಪು ಕೆಲಸ ಮಾತ್ರ. ಬೇರೆ ಒಂದ್ ಲೋಟಾನೂ ಮುಟ್ಟೋದು ಬೇಡ. ಸಂಬಳ ಈ ತಿಂಗಳಿಂದ ಜಾಸ್ತಿ ಮಾಡ್ತೀವಿ. ಕ್ಯಾಮೆರಾನೂ ತೆಗೆಸಿಬಿಡ್ತೀನಿ."

ನನಗೆ ತಕ್ಷಣ ಹೂಂ ಅನ್ನಲಾಗಲಿಲ್ಲ. ಸಂಬಳಕ್ಕಲ್ಲ. ಆ ಮನೆಯಲ್ಲಿ ನಾನೂ ಪಾಪುವೂ ಇಬ್ಬರೇ ಇರೋದನ್ನು ನೆನೆಸಿಕೊಂಡರೆ ಭಯವಾಗುತ್ತಿತ್ತು. ಅಲ್ಲಿ ಇನ್ನೆಷ್ಟು ಸೆಲ್ಲು, ಗುಂಡಿ, ಮೊಳೆ, ನಾಣ್ಯ.

"ಕ್ಯಾಮೆರಾ ಇರ್ಲಿ ಮೇಡಂ" ಅಂದೆ. "ಅದರಿಂದ ನನಗೆ ಕೆಲಸ ಹೇಳ್ಬೇಡಿ. ಅದರಿಂದ ಪಾಪುನ ಕರೀಲೂಬೇಡಿ. ಮಗು ಗೋಡೆ ಹತ್ರ ಹೋಗಿ ಕಾಯುತ್ತೆ."

ಅವರಿಗೆ ಆ ವಿಷಯ ಗೊತ್ತಿರಲಿಲ್ಲ. ಸೀರೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದರು.

ನನ್ನ ಗಂಡ ಎರಡು ದಿನ ಮಾತು ಬಿಟ್ಟ. ನಾನು ಹೋದೆ. ಗೇಟಿನಲ್ಲಿ ಅಣ್ಣ ಏನೂ ಕೇಳದೆ ಬಾಗಿಲು ತೆಗೆದರು. ಮನೆಗೆ ಹೋದಾಗ ಪಾಪು ಮೇಡಂ ಸೊಂಟದ ಮೇಲಿತ್ತು, ಇಳಿದುಹೋಗಿತ್ತು, ಕೆನ್ನೆಯ ಮೇಲೆ ಪ್ಲಾಸ್ಟರಿನ ಗುರುತು. ನಾನು ಕೈ ಚಾಚಿದೆ. ಅದು ನನ್ನನ್ನು ನೋಡಿದ ತಕ್ಷಣ ಎರಡೂ ಕೈಗಳನ್ನು ಎದೆಗೆ ಒತ್ತಿ ಹಿಡಿದು ಅಮ್ಮನ ಕತ್ತಿನಲ್ಲಿ ಮುಖ ಹುದುಗಿಸಿ ಕಿರುಚಿತು. ಎಕ್ಸ್‌ರೇ ಕೋಣೆಯಲ್ಲಿ ಆ ಕೈಗಳನ್ನು ಹಿಡಿದು ಎಳೆದವಳು ನಾನು. ಅದಕ್ಕೆ ನೆನಪಿದ್ದದ್ದು ಅಷ್ಟೇ.

ಮೇಡಂ ಅವತ್ತು ರಜೆ ಹಾಕಿದರು. ಮಾರನೇ ದಿನವೂ ಹಾಕಿದರು. ನಾನು ಹಾಲಿನ ಇನ್ನೊಂದು ಮೂಲೆಯಲ್ಲಿ ನೆಲದ ಮೇಲೆ ಕೂತಿರುತ್ತಿದ್ದೆ, ಕರೆಯುತ್ತಿರಲಿಲ್ಲ, ಮುಟ್ಟುತ್ತಿರಲಿಲ್ಲ. ಪಾಪು ಅಮ್ಮನ ಕಾಲಿನ ಹಿಂದಿನಿಂದ ನನ್ನನ್ನು ನೋಡುತ್ತಿತ್ತು. ನಾನು ಅದರ ಕೈಯಲ್ಲಿರುವುದನ್ನು ನೋಡುತ್ತಿದ್ದೆ, ಅದರ ಬಾಯಿ ನೋಡುತ್ತಿದ್ದೆ, ನೆಲ ನೋಡುತ್ತಿದ್ದೆ. ಮೇಡಂ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಮೂರನೇ ದಿನ ಮಧ್ಯಾಹ್ನ ಅದು ಚೆಂಡೊಂದನ್ನು ನನ್ನ ಕಡೆ ಉರುಳಿಸಿತು. ನಾನು ವಾಪಸು ಉರುಳಿಸಿದೆ. ಹಾಗೇ ಸಂಜೆಯಾಯಿತು. ನಾನು ಮನೆಗೆ ಹೊರಡಲು ಎದ್ದಾಗ ಅದು ಬಂದು ನನ್ನ ಸೀರೆಯ ನೆರಿಗೆ ಹಿಡಿದು ನಿಂತಿತು. ಎತ್ತಿಕೊಳ್ಳಲೋ ಬೇಡವೋ ಗೊತ್ತಾಗದೆ ಮೇಡಂ ಕಡೆ ನೋಡಿದೆ. ಅವರ ಕಣ್ಣಲ್ಲೂ ಅದೇ ಪ್ರಶ್ನೆ ಇತ್ತು. ಬಗ್ಗಿ ಮೆಲ್ಲಗೆ ಎತ್ತಿಕೊಂಡೆ. ಮೊದಲು ಅದರ ಮುಷ್ಟಿ ಬಿಡಿಸಿ, ಒಳಗೇನಾದರೂ ಇದೆಯಾ ಅಂತ ನೋಡಿದೆ.